ಮರಳಗಾಲದ ಲಿಥಿಯಂ: 14,100 ಟನ್ 1,600 ಟನ್ ಆದದ್ದೇಕೆ?

2020ರ ಆರಂಭದಲ್ಲಿ ಮಂಡ್ಯ ಜಿಲ್ಲೆಯ ಮರಳಗಾಲದ ಆಸುಪಾಸಿನಲ್ಲಿ 14,100 ಟನ್ ಲಿಥಿಯಂ ಇದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ವರದಿಗಳಲ್ಲಿ ಮಾರ್ಲಗಲ್ಲಾ ಎಂದು ಕಾಣಿಸಿಕೊಳ್ಳುವ ಊರು ಇದೇ. ಒಂದು ವರ್ಷ ಕಳೆಯುವಷ್ಟರಲ್ಲಿ, 2021ರ ಫೆಬ್ರುವರಿಯಲ್ಲಿ, ಅದೇ ಮರಳಗಾಲ-ಅಲ್ಲಾಪಟ್ಟಣ ಪ್ರದೇಶದ ಬಗ್ಗೆ ಸಂಸತ್ತಿಗೆ ಉತ್ತರ ಕೊಟ್ಟ ಕೇಂದ್ರ ಸರ್ಕಾರ, ಅಲ್ಲಿರುವುದು 1,600 ಟನ್ ಎಂದಿತು. 2023ರ ಫೆಬ್ರುವರಿಯಲ್ಲಿ ಜಮ್ಮು ಮತ್ತು ಕಾಶ್ಮೀರದ ರಿಯಾಸಿ ಜಿಲ್ಲೆಯಿಂದ 59 ಲಕ್ಷ ಟನ್‌ ಎಂಬ ಸುದ್ದಿ ಬಂದಾಗ ದೇಶವೇ ಸಂಭ್ರಮಿಸಿತು. ಆದರೆ 2024ರ ಮಾರ್ಚ್‌ನಲ್ಲಿ, ಬೇಕಾದಷ್ಟು ಅರ್ಹ ಬಿಡ್‌ದಾರರು ಬಾರದೆ ಆ ಬ್ಲಾಕಿನ ಹರಾಜು ರದ್ದಾಯಿತು. ಸಂಪತ್ತು ಇದ್ದದ್ದು ನಿಜವಾದರೆ ಅದನ್ನು ಕೊಳ್ಳಲು ಯಾರೂ ಮುಂದೆ ಬರಲಿಲ್ಲವೇಕೆ, ಮಂಡ್ಯದ 12,500 ಟನ್ ಎಲ್ಲಿಗೆ ಹೋಯಿತು ಎಂದು ಓದುಗರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ.

ಉತ್ತರ ಸಿಗಬೇಕಾದರೆ ಭೂವಿಜ್ಞಾನಿಗಳು ಹಳ್ಳದಿಂದ ಒಂದು ಪೊಟ್ಟಣ ಮಣ್ಣು ತೆಗೆದ ದಿನದಿಂದ ಗಣಿಯ ಬಾಯಿ ತೆರೆಯುವ ದಿನದವರೆಗೆ ಏನೇನು ನಡೆಯುತ್ತದೆ ಎಂದು ತಿಳಿಯಬೇಕು. ಈ ದಾರಿಯ ಮೊದಲ ಮೆಟ್ಟಿಲಿನ ಹೆಸರು ಭೂರಾಸಾಯನಿಕ ಸಮೀಕ್ಷೆ. ಮುಂದೆ ಎಲ್ಲಿ ಹುಡುಕಬೇಕು ಎಂಬುದನ್ನು ಅದು ಹೇಳುತ್ತದೆ. ಎಷ್ಟಿದೆ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ಈ ಎರಡನ್ನೂ ಒಂದೇ ಎಂದು ಓದಿಕೊಂಡದ್ದೇ ಇಂದಿನ ಗೊಂದಲದ ಬಹುಪಾಲಿಗೆ ಕಾರಣ.

‘ನಿಕ್ಷೇಪ’ ಎಂಬ ಮಾತು ಮತ್ತು ಮೂರು ಬಗೆಯ ಟನ್ನು

ಗೊಂದಲದ ಒಂದು ಪಾಲು ನಮ್ಮ ಭಾಷೆಯಲ್ಲಿಯೇ ಇದೆ. ಹಳೆಯ ಶಾಸನಗಳಲ್ಲಿಯೂ ಕ್ರಯಪತ್ರಗಳಲ್ಲಿಯೂ ‘ನಿಧಿ, ನಿಕ್ಷೇಪ, ಜಲ, ಪಾಷಾಣ’ ಎಂದು ಭೂಮಿಯ ಹಕ್ಕುಗಳನ್ನು ಎಣಿಸುವ ಪದ್ಧತಿಯಿತ್ತು. ಅಲ್ಲಿ ನಿಕ್ಷೇಪವೆಂದರೆ ಯಾರೋ ಹೂತಿಟ್ಟ ಸಂಪತ್ತು. ಅಗೆದರೆ ಸಿಕ್ಕಿತು, ಎಣಿಸಿದರೆ ಮುಗಿಯಿತು. ‘ಲಿಥಿಯಂ ನಿಕ್ಷೇಪ ಪತ್ತೆ’ ಎಂಬ ಶೀರ್ಷಿಕೆ ಓದಿದಾಗ ಮನಸ್ಸಿಗೆ ಬರುವುದು ಆ ಕೊಪ್ಪರಿಗೆಯ ಚಿತ್ರವೇ. ಲಿಥಿಯಂ ಕೊಪ್ಪರಿಗೆಯಲ್ಲಿ ತುಂಬಿಟ್ಟ ವಸ್ತುವಲ್ಲ. ಭೂಮಿಯ ಮೇಲ್ಪದರದ ಬಹುತೇಕ ಎಲ್ಲ ಶಿಲೆಗಳಲ್ಲಿಯೂ ಸರಾಸರಿ 20 ಪಿಪಿಎಂ ಆಸುಪಾಸಿನಲ್ಲಿ, ಎಂದರೆ ಹತ್ತು ಲಕ್ಷ ಭಾಗಕ್ಕೆ 20 ಭಾಗದಂತೆ, ಅದು ಹರಡಿಕೊಂಡಿದೆ. ಗಟ್ಟಿಶಿಲೆಯಿಂದ ಅದನ್ನು ಲಾಭದಾಯಕವಾಗಿ ತೆಗೆಯಬೇಕಾದರೆ ಅದಿರಿನಲ್ಲಿ ಲಿಥಿಯಂ ಆಕ್ಸೈಡ್ ಸಾಮಾನ್ಯವಾಗಿ ಶೇ 1ರ ಮಟ್ಟದಲ್ಲಿರಬೇಕು. ಲೋಹದ ಲೆಕ್ಕದಲ್ಲಿ ಇದು ಸುಮಾರು 4,600 ಪಿಪಿಎಂ. ಅಂದರೆ ಪ್ರಕೃತಿ ತನ್ನ ಸರಾಸರಿಗಿಂತ 200 ಪಟ್ಟಿಗೂ ಮಿಕ್ಕಿ ಲಿಥಿಯಂ ಅನ್ನು ಒಂದು ಕಡೆ ಒಟ್ಟುಮಾಡಿದ ಜಾಗವನ್ನು ಹುಡುಕಬೇಕು.

ಈಗ ಸಂಖ್ಯೆಗಳನ್ನು ನೋಡೋಣ. 14,100 ಟನ್ ಎಂಬುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಶ್ರಾಂತ ಪ್ರಾಧ್ಯಾಪಕರೊಬ್ಬರು ಆಗ ಲಭ್ಯವಿದ್ದ ಮಾಹಿತಿಯಿಂದ ಮಾಡಿದ ಅಂದಾಜು. ಅರ್ಧ ಕಿಲೋಮೀಟರ್ ಅಗಲ, ಐದು ಕಿಲೋಮೀಟರ್ ಉದ್ದದ ಪಟ್ಟಿಯೊಂದನ್ನು ಲೆಕ್ಕಕ್ಕೆ ಹಿಡಿದು, ಅದರಲ್ಲಿ 30,300 ಟನ್ ಲಿಥಿಯಂ ಆಕ್ಸೈಡ್ ಇರಬಹುದು, ಅದನ್ನು ಲೋಹಕ್ಕೆ ಪರಿವರ್ತಿಸಿದರೆ 14,100 ಟನ್ ಆಗುತ್ತದೆ ಎಂದು ಅದು ಹೇಳಿತ್ತು. 1,600 ಟನ್ ಎಂಬುದು ಪರಮಾಣು ಖನಿಜ ನಿರ್ದೇಶನಾಲಯವು ನೆಲದ ಮೇಲಿನ ಸಮೀಕ್ಷೆ ಮತ್ತು ಸೀಮಿತ ಪ್ರಮಾಣದ ಭೂಗತ ಅನ್ವೇಷಣೆಯ ನಂತರ ಕೊಟ್ಟ ಸಂಖ್ಯೆ. ಮೊದಲನೆಯದು ಒಂದು ಪಟ್ಟಿಯಲ್ಲಿ ಎಷ್ಟಿರಬಹುದು ಎಂಬ ವಿಸ್ತೃತ ಊಹೆ, ಎರಡನೆಯದು ನೆಲದೊಳಗೆ ಪರೀಕ್ಷಿಸಿದ ಮಟ್ಟಿಗೆ ಇಷ್ಟನ್ನು ಹೇಳಬಹುದು ಎಂಬ ಎಚ್ಚರದ ಲೆಕ್ಕ. ನಡುವಿನ 12,500 ಟನ್ ಕಳೆದುಹೋಗಿಲ್ಲ. ಅದು ಸಿಕ್ಕಿರಲೇ ಇಲ್ಲ.

ರಿಯಾಸಿಯ ಲೆಕ್ಕದಲ್ಲಿ ಆದ ತಪ್ಪು ಇದಕ್ಕಿಂತ ದೊಡ್ಡದು. ಅಲ್ಲಿನ 59 ಲಕ್ಷ ಟನ್ ಅದಿರಿನ ತೂಕ. ಚಿಲಿ ದೇಶದ 93 ಲಕ್ಷ ಟನ್ ಎಂಬ ಪ್ರಸಿದ್ಧ ಸಂಖ್ಯೆ ಲೋಹದ ತೂಕ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಭಾರತ ವಿಶ್ವದ ಮುಂಚೂಣಿಗೆ ಬಂತು ಎಂದು ಬರೆದ ವರದಿಗಳು, ಭತ್ತದ ಮೂಟೆಯನ್ನೂ ಅಕ್ಕಿಯ ಮೂಟೆಯನ್ನೂ ಒಂದೇ ಎಂದು ಎಣಿಸಿದ್ದಕ್ಕಿಂತ ಕೆಟ್ಟ ಲೆಕ್ಕ ಹಾಕಿದವು. ಭತ್ತದಲ್ಲಿ ಅರ್ಧಕ್ಕೂ ಹೆಚ್ಚು ಅಕ್ಕಿಯಾದರೂ ಇರುತ್ತದೆ. ಆ ಅದಿರಿನಲ್ಲಿ ಲಿಥಿಯಂ 1,000 ಪಿಪಿಎಂ ಇದೆ ಎಂದಿಟ್ಟುಕೊಂಡರೂ 59 ಲಕ್ಷ ಟನ್ನಿಂದ ಬರುವ ಲೋಹ 5,900 ಟನ್ ಮಾತ್ರ, ಅದೂ ಒಂದು ಗ್ರಾಂ ಕೂಡ ನಷ್ಟವಾಗದೆ ತೆಗೆದರೆ. ಜೊತೆಗೆ ಅಲ್ಲಿನ ಲಿಥಿಯಂ ಜೇಡಿನಂಥ ಶಿಲೆಯಲ್ಲಿದೆ, ಅಂಥ ಶಿಲೆಯಿಂದ ಅದನ್ನು ಬೇರ್ಪಡಿಸುವ ತಂತ್ರ ವಾಣಿಜ್ಯ ಮಟ್ಟದಲ್ಲಿ ಇನ್ನೂ ಪಕ್ವವಾಗಿಲ್ಲ. ಹಣ ಹೂಡುವವರು ಹಿಂದೆ ಸರಿದದ್ದು ಈ ಹಿನ್ನೆಲೆಯಲ್ಲಿ.

ಜಲಗಾರರ ಮರಿಗೆಯಿಂದ

ಹಳ್ಳದ ಮಣ್ಣು ನೋಡಿ ಬೆಟ್ಟದ ಒಡಲನ್ನು ಊಹಿಸುವ ವಿದ್ಯೆ ಕನ್ನಡನಾಡಿಗೆ ಹೊಸದಲ್ಲ. ಮಣ್ಣು ತೊಳೆದು ಚಿನ್ನದ ಕಣ ಆಯುವವರನ್ನು ಜಲಗಾರರು ಎಂದು ಕರೆಯುತ್ತಿದ್ದರು. ಈಗಿನ ಗದಗ ಜಿಲ್ಲೆಯ ಕಪ್ಪತಗುಡ್ಡದಿಂದ ಇಳಿಯುವ ಹಳ್ಳಗಳಲ್ಲಿ, ಸೊರಟೂರಿನ ಸುತ್ತ, ಅವರು ಈ ಕಸುಬು ಮಾಡುತ್ತಿದ್ದುದನ್ನು 19ನೆಯ ಶತಮಾನದ ಭೂವಿಜ್ಞಾನಿಗಳು ದಾಖಲಿಸಿದ್ದಾರೆ. ಮಳೆಯ ನೀರು ಗುಡ್ಡವನ್ನು ಕೊರೆದು ತಂದ ಮರಳನ್ನು ಮರಿಗೆಯಲ್ಲಿ ತೊಳೆದರೆ ಹಗುರವಾದದ್ದು ಹರಿದುಹೋಗಿ ಭಾರವಾದದ್ದು ತಳದಲ್ಲಿ ಉಳಿಯುತ್ತದೆ. ಯಾವ ಹಳ್ಳದಲ್ಲಿ ಕಣ ಹೆಚ್ಚು ಸಿಗುತ್ತದೆಯೋ ಆ ಹಳ್ಳದ ತಲೆಯಲ್ಲಿ ಏನೋ ಇದೆ. ಇಂದಿನ ಹಳ್ಳದ ಹೂಳಿನ ಸಮೀಕ್ಷೆಯ ತರ್ಕವೂ ಇದೇ, ಮರಿಗೆಯ ಜಾಗಕ್ಕೆ ಪ್ರಯೋಗಾಲಯ ಬಂದಿದೆ.

ಕೋಲಾರದ ಕಥೆಯಲ್ಲಿ ಕಾಲದ ಪಾಠವಿದೆ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಸರ್ವೇ ಅಧಿಕಾರಿಯ ಎದುರಿಗೆ ಮಾರಿಕುಪ್ಪಂ ಕಡೆಯ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ತೋರಿಸಿದರು. ಬೆಂಗಳೂರಿನಲ್ಲಿ ನೆಲೆಸಿದ್ದ ನಿವೃತ್ತ ಸೈನಿಕ ಮೈಕೆಲ್ ಲ್ಯಾವೆಲ್ಲೆ, ಇಂದಿನ ಲ್ಯಾವೆಲ್ಲೆ ರಸ್ತೆಗೆ ಹೆಸರು ಕೊಟ್ಟವರು, ಗಣಿಗಾರಿಕೆಯ ಪರವಾನಗಿ ಪಡೆದದ್ದು 1870ರ ದಶಕದಲ್ಲಿ. ಜಾನ್ ಟೇಲರ್ ಕಂಪನಿ ಆಳದ ಗಣಿಗೆ ಇಳಿದು ನಿಜವಾದ ಅದಿರಿನ ಎಳೆಯನ್ನು ಹಿಡಿದದ್ದು 1880ರ ದಶಕದಲ್ಲಿ. ಕಣ ಕಂಡ ದಿನಕ್ಕೂ ಗಣಿ ನಿಂತ ದಿನಕ್ಕೂ ನಡುವೆ ಸುಮಾರು 80 ವರ್ಷ. ಇಂದಿನ ಉಪಕರಣಗಳು ಈ ಅಂತರವನ್ನು ಕಿರಿದುಮಾಡಿವೆಯಾದರೂ, ಮೊದಲ ಸುಳಿವಿನಿಂದ ಉತ್ಪಾದನೆಯವರೆಗೆ ಒಂದು ದಶಕಕ್ಕೂ ಹೆಚ್ಚು ಕಾಲ ಹಿಡಿಯುವುದು ಈಗಲೂ ಸಾಮಾನ್ಯ.

ಒಂದು ಪೊಟ್ಟಣ ಮಣ್ಣಿನ ಪಯಣ

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ರಾಷ್ಟ್ರೀಯ ಭೂರಾಸಾಯನಿಕ ನಕಾಶೆ ಯೋಜನೆಯಲ್ಲಿ ದೇಶದ ನೆಲವನ್ನು ಎರಡು ಕಿಲೋಮೀಟರ್ ಉದ್ದಗಲದ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೆ ಒಂದು ಮಾದರಿಯನ್ನು ವಿಶ್ಲೇಷಿಸಲಾಗುತ್ತದೆ. ಅಂದರೆ ನಾಲ್ಕು ಚದರ ಕಿಲೋಮೀಟರಿಗೆ ಒಂದು. ಸುಮಾರು 700 ಚದರ ಕಿಲೋಮೀಟರ್ ಹರಡಿರುವ ಬೆಂಗಳೂರು ಮಹಾನಗರದಷ್ಟು ನೆಲವನ್ನು 175ರಷ್ಟು ಪೊಟ್ಟಣಗಳಲ್ಲಿ ಪ್ರತಿನಿಧಿಸಿದ ಹಾಗೆ. 1,91,791 ಚದರ ಕಿಲೋಮೀಟರಿನ ಇಡೀ ಕರ್ನಾಟಕಕ್ಕೆ ಇದೇ ಲೆಕ್ಕ ಹಾಕಿದರೆ ಸುಮಾರು 48,000 ಮಾದರಿಗಳು ಬೇಕು. ದೊಡ್ಡ ಹೊಳೆಗಳು ಈ ಕೆಲಸಕ್ಕೆ ಬರುವುದಿಲ್ಲ, ಅವುಗಳಲ್ಲಿ ನೂರಾರು ಕಿಲೋಮೀಟರಿನ ಮಣ್ಣು ಬೆರೆತಿರುತ್ತದೆ. ಗುಡ್ಡದ ಬುಡದಿಂದ ಹುಟ್ಟುವ, ಬೇಸಿಗೆಯಲ್ಲಿ ಒಣಗಿರುವ ಚಿಕ್ಕ ಹಳ್ಳಗಳೇ ಬೇಕು.

ಮಾದರಿ ತೆಗೆಯುವ ಕ್ರಮ ನೋಡಲು ಸುಲಭ, ಆದರೆ ಕೆಡುವುದು ಇನ್ನೂ ಸುಲಭ. ಹಳ್ಳಕ್ಕೆ ಇಳಿಯುವ ಮೊದಲು ಕೈಯಲ್ಲಿರುವ ಉಂಗುರವನ್ನು ತೆಗೆದಿಡಬೇಕು, ಏಕೆಂದರೆ ಶತಕೋಟಿಗೆ ಒಂದೆರಡು ಭಾಗದ ಚಿನ್ನವನ್ನು ಅಳೆಯುವ ಕಡೆ ಉಂಗುರದಿಂದ ಉಜ್ಜಿ ಬಂದ ಕಣ್ಣಿಗೆ ಕಾಣದ ಪುಡಿಯೂ ಒಂದು ‘ಶೋಧ’ವಾಗಿಬಿಡುತ್ತದೆ. ಹಿತ್ತಾಳೆಯ ಜರಡಿ ಹಿಡಿದರೆ ತಾಮ್ರ ಮತ್ತು ಸತುವಿನ ಪ್ರಮಾಣ ಸುಳ್ಳೇ ಏರುತ್ತದೆ, ಹಾಗಾಗಿ ನೈಲಾನ್ ಜರಡಿ ಬೇಕು. ಸೇತುವೆ, ರಸ್ತೆ, ಇಟ್ಟಿಗೆ ಗೂಡು ಇವುಗಳಿಂದ ದೂರ ಹೋಗಿ, ಹಳ್ಳದ ಪಾತ್ರದ ಹಲವು ಕಡೆಯಿಂದ ನಯವಾದ ಹೂಳನ್ನು ಸ್ವಲ್ಪ ಸ್ವಲ್ಪವಾಗಿ ತೆಗೆಯಬೇಕು. ದಡ ಕುಸಿದು ಬಿದ್ದ ಮಣ್ಣು ಅದರಲ್ಲಿ ಸೇರಬಾರದು. ಒಣಗಿಸಿ, ಜರಡಿ ಹಿಡಿದು, ಗೋಪುರದಂತೆ ರಾಶಿ ಮಾಡಿ, ರಾಶಿಯನ್ನು ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಉಳಿಸಿಕೊಂಡು ಉಳಿದೆರಡನ್ನು ಬಿಡಬೇಕು. ಬೇಕಾದಷ್ಟು ಚಿಕ್ಕ ಪ್ರಮಾಣ ಉಳಿಯುವವರೆಗೆ ಇದನ್ನೇ ಮತ್ತೆ ಮತ್ತೆ ಮಾಡುತ್ತಾರೆ. ಕಣದಲ್ಲಿ ರಾಗಿಯ ರಾಶಿಯನ್ನು ಪಾಲು ಮಾಡಿದಂತೆಯೇ ಇದು, ಒಂದು ವ್ಯತ್ಯಾಸವೆಂದರೆ ಇಲ್ಲಿ ಯಾವ ಪಾಲು ಎತ್ತಿಕೊಂಡರೂ ಇಡೀ ರಾಶಿಯ ಗುಣವೇ ಇರಬೇಕು.

ಪ್ರಯೋಗಾಲಯದಲ್ಲಿ ಸುಮಾರು 60 ಧಾತುಗಳನ್ನು ಅಳೆಯುತ್ತಾರೆ. ಒಂದೇ ಯಂತ್ರ ಎಲ್ಲವನ್ನೂ ಅಳೆಯಲಾರದು. ಕ್ಷ-ಕಿರಣ ಪ್ರತಿದೀಪ್ತಿಯ ಯಂತ್ರ ಕಬ್ಬಿಣ, ತಾಮ್ರ, ಸತುವನ್ನು ಚೆನ್ನಾಗಿ ಅಳೆಯುತ್ತದೆ, ಆದರೆ ಲಿಥಿಯಂ ಅತಿ ಹಗುರವಾದ ಧಾತುವಾದ್ದರಿಂದ ಅದರ ಕಣ್ಣಿಗೆ ಬೀಳುವುದಿಲ್ಲ. ಲಿಥಿಯಂಗೆ ಮಾದರಿಯನ್ನು ಕರಗಿಸಿ ಬೇರೆ ವಿಧಾನದಲ್ಲಿ ಅಳೆಯಬೇಕು. ಚಿನ್ನದ ತೊಂದರೆ ಇನ್ನೊಂದು ಬಗೆಯದು. ಅದು ಮಣ್ಣಿನಲ್ಲಿ ಸಮವಾಗಿ ಬೆರೆತಿರದೆ ಅಲ್ಲೊಂದು ಇಲ್ಲೊಂದು ಕಣವಾಗಿರುತ್ತದೆ. ಒಂದೇ ಹಳ್ಳದ ಎರಡು ಪೊಟ್ಟಣಗಳಲ್ಲಿ ಒಂದಕ್ಕೆ ಕಣ ಬಿದ್ದು ಇನ್ನೊಂದಕ್ಕೆ ಬೀಳದಿದ್ದರೆ ಎರಡರ ಫಲಿತಾಂಶ ನೂರು ಪಟ್ಟು ಬೇರೆಯಾಗಬಹುದು. ಹಾಗಾಗಿ ಜವಾಬ್ದಾರಿಯುತ ಸಮೀಕ್ಷೆಯಲ್ಲಿ ಜೋಡಿ ಮಾದರಿ, ಮೊದಲೇ ಪ್ರಮಾಣ ಗೊತ್ತಿರುವ ಮಾದರಿ, ಏನೂ ಇಲ್ಲದ ಖಾಲಿ ಮಾದರಿ ಇವನ್ನು ಗುರುತು ಬಿಟ್ಟುಕೊಡದೆ ನಡುನಡುವೆ ಸೇರಿಸಿ ಕಳಿಸುತ್ತಾರೆ. ‘ಟನ್ನಿಗೆ ಇಷ್ಟು ಗ್ರಾಂ ಚಿನ್ನ’ ಎಂಬ ಸುದ್ದಿ ಬಂದಾಗ, ಅದು ಎಷ್ಟು ಮಾದರಿಗಳ ಮೇಲೆ ನಿಂತಿದೆ ಎಂಬ ವಿವರವಿಲ್ಲದಿದ್ದರೆ ಆ ಅಂಕಿಗೆ ಹೆಚ್ಚು ಬೆಲೆ ಕೊಡುವಂತಿಲ್ಲ.

ಎಷ್ಟು ಏರಿದರೆ ಏರಿಕೆ?

ಸಮೀಕ್ಷೆಯ ನಿಜವಾದ ಕಷ್ಟ ಇರುವುದು ಅಂಕಿಗಳನ್ನು ಓದುವುದರಲ್ಲಿ. ಒಂದು ಹಳ್ಳದ ಜಲಾನಯನ ಹತ್ತು ಚದರ ಕಿಲೋಮೀಟರ್, ಅದರ ಮಾಮೂಲು ಶಿಲೆಯಲ್ಲಿ ಲಿಥಿಯಂ 20 ಪಿಪಿಎಂ, ಒಂದು ಚದರ ಕಿಲೋಮೀಟರಿನಲ್ಲಿ ಮಾತ್ರ 200 ಪಿಪಿಎಂ ಎಂದಿಟ್ಟುಕೊಳ್ಳಿ. ಮಣ್ಣೆಲ್ಲ ಸಮವಾಗಿ ಬೆರೆತು ಬಂದರೆ ಹಳ್ಳದ ಬಾಯಲ್ಲಿ ಸಿಗುವುದು 38 ಪಿಪಿಎಂ. ಹತ್ತು ಪಟ್ಟು ಏರಿಕೆ ಬೆರಕೆಯಿಂದಾಗಿ ಎರಡು ಪಟ್ಟಿಗಿಂತಲೂ ಕಡಿಮೆಯಾಗಿ ಕಾಣಿಸಿಕೊಂಡಿತು. ಹೀಗಾಗಿ ಭೂವಿಜ್ಞಾನಿ ಸಣ್ಣ ಏರಿಕೆಯನ್ನೂ ಉದಾಸೀನ ಮಾಡುವಂತಿಲ್ಲ. ಆದರೆ ಅದೇ 38 ಪಿಪಿಎಂ ಬೇರೆ ಕಾರಣದಿಂದಲೂ ಬರಬಹುದು. ಜಲಾನಯನದ ಶಿಲೆಯೇ ಬೇರೆ ಜಾತಿಯದಾಗಿದ್ದರೆ ಅದರ ಮಾಮೂಲು ಮಟ್ಟವೇ 38 ಆಗಿರಬಹುದು. ಅಥವಾ ಹೂಳಿನಲ್ಲಿ ಜೇಡಿ ಹೆಚ್ಚಿದ್ದು, ನೀರಿನಲ್ಲಿ ಕರಗಿ ಬಂದ ಲಿಥಿಯಂ ಅನ್ನು ಅದು ಹಿಡಿದಿಟ್ಟುಕೊಂಡಿರಬಹುದು. ಲಾಲ್‌ಬಾಗಿನ ಬಂಡೆಯಂಥ ಮುನ್ನೂರು ಕೋಟಿ ವರ್ಷ ಹಳೆಯ ನೈಸ್ ಶಿಲೆಯ ನೆಲಕ್ಕೂ, ಕೋಲಾರ ಅಥವಾ ಹಟ್ಟಿಯ ಕಪ್ಪು ಶಿಲಾಪಟ್ಟಿಯ ನೆಲಕ್ಕೂ ಒಂದೇ ಅಳತೆಗೋಲು ಹಿಡಿದರೆ, ಶಿಲೆ ಬದಲಾದ ಕಡೆಯೆಲ್ಲ ಸುಳ್ಳು ಖನಿಜ ಕಾಣಿಸುತ್ತದೆ.

ಈ ಸಂಶಯ ಪರಿಹಾರಕ್ಕೆ ಒಂಟಿ ಧಾತುವನ್ನು ನಂಬದೆ ಅದರ ಸಂಗಾತಿಗಳನ್ನು ಹುಡುಕುತ್ತಾರೆ. ಲಿಥಿಯಂ ಇರುವ ಪೆಗ್ಮಟೈಟ್ ಶಿಲೆ ಕರಗಿದ ಗ್ರಾನೈಟಿನ ಕೊನೆಯ ಉಳಿಕೆ. ಮಾಮೂಲು ಖನಿಜಗಳ ಹರಳಿನಲ್ಲಿ ಜಾಗ ಸಿಗದ ಧಾತುಗಳೆಲ್ಲ ಆ ಕೊನೆಯ ರಸದಲ್ಲಿ ಉಳಿದು ಒಟ್ಟಾಗುತ್ತವೆ. ಆದ್ದರಿಂದ ಲಿಥಿಯಂ ಜೊತೆಗೆ ಸೀಸಿಯಂ, ರುಬಿಡಿಯಂ, ಬೆರಿಲಿಯಂ, ಟ್ಯಾಂಟಲಂ, ತವರ ಇವೂ ಏರಿದ್ದರೆ ಸುಳಿವು ಗಟ್ಟಿ. ಮರಳಗಾಲದ ಪೆಗ್ಮಟೈಟ್‌ಗಳಲ್ಲಿರುವ ಲಿಥಿಯಂ ಖನಿಜಗಳಲ್ಲಿ ಸ್ಪಾಡ್ಯುಮಿನ್ ಮುಖ್ಯವಾದದ್ದು. ಲೆಪಿಡೊಲೈಟ್ ಎಂಬ ಇನ್ನೊಂದು ಲಿಥಿಯಂ ಖನಿಜ ನಸು ನೇರಳೆ ಬಣ್ಣದ ಅಭ್ರಕ, ಹಳ್ಳಿಗರು ಕಾಗೆಬಂಗಾರ ಎಂದು ಕರೆಯುವ ವಸ್ತುವಿನ ಹತ್ತಿರದ ನಂಟ. ಚಿನ್ನದ ವಿಷಯದಲ್ಲಿ ಸಂಗಾತಿ ಆರ್ಸೆನಿಕ್. ಚಿನ್ನ ಅಳೆಯಲು ಕಷ್ಟ, ಆರ್ಸೆನಿಕ್ ಅಳೆಯಲು ಸುಲಭ. ಹಾಗಾಗಿ ಆರ್ಸೆನಿಕ್‌ನ ಜಾಡು ಹಿಡಿದು ಚಿನ್ನದತ್ತ ಹೋಗುವುದು ಈ ವೃತ್ತಿಯ ಹಳೆಯ ದಾರಿ.

ಮಣ್ಣು ದಪ್ಪವಾಗಿ ಮುಚ್ಚಿರುವ ಕಡೆ ಗಿಡಗಳೇ ಮಾದರಿಯಾಗುತ್ತವೆ. ಆಸ್ಟ್ರೇಲಿಯದ ಸಂಶೋಧಕರು 35 ಮೀಟರ್ ಆಳದ ಚಿನ್ನವನ್ನು ನೀಲಗಿರಿ ಮರದ ಬೇರು ಹೀರಿ ಎಲೆಗೆ ತಂದದ್ದನ್ನು 2013ರಲ್ಲಿ ಪ್ರಕಟಿಸಿದರು. ಬೋಟ್ಸ್ವಾನದಲ್ಲಿ ಗೆದ್ದಲುಗಳು ಮರಳಿನ ಅಡಿಯಿಂದ ಮೇಲೆ ತಂದ ಖನಿಜದ ಕಣಗಳು ವಜ್ರದ ಗಣಿಗೆ ದಾರಿ ತೋರಿಸಿದವು. ನೀಲಗಿರಿ ತೋಪುಗಳೂ ಹುತ್ತಗಳೂ ಧಾರಾಳವಾಗಿರುವ ನಮ್ಮ ಬಯಲುಸೀಮೆಗೆ ಇವು ಯೋಗ್ಯ ವಿಧಾನಗಳೆಂದು ನನಗೆ ತೋರುತ್ತದೆ.

ಕೆರೆಗಳ ನಾಡಿನ ತೊಡಕು

ಪರದೇಶದ ಕೈಪಿಡಿಗಳಲ್ಲಿ ಇಲ್ಲದ ಒಂದು ತೊಡಕು ಹಳೆಯ ಮೈಸೂರು ಸೀಮೆಯಲ್ಲಿದೆ. ಇಲ್ಲಿನ ಹಳ್ಳಗಳು ಹುಟ್ಟಿದ ಜಾಗದಿಂದ ಹೊಳೆಯವರೆಗೆ ತಡೆಯಿಲ್ಲದೆ ಹರಿಯುವುದಿಲ್ಲ. ಒಂದರ ಕೋಡಿ ಇನ್ನೊಂದರ ಒಡಲಿಗೆ ಬೀಳುವಂತೆ ಸರಣಿಯಾಗಿ ಕಟ್ಟಿದ ಕೆರೆಗಳು ಗುಡ್ಡದಿಂದ ಬಂದ ಹೂಳನ್ನು ತಡೆದು ನಿಲ್ಲಿಸುತ್ತವೆ. ಕೆರೆಯ ಏರಿಯ ಕೆಳಗೆ ತೆಗೆದ ಮಾದರಿಯಲ್ಲಿ ಮೇಲಿನ ಗುಡ್ಡದ ಸುದ್ದಿ ಇರುವುದಿಲ್ಲ, ಏರಿಯ ಕೆಳಗಿನ ಹೊಲಗಳ ಮಣ್ಣು ಮಾತ್ರ ಇರುತ್ತದೆ. ಇಷ್ಟಕ್ಕೇ ಮುಗಿಯಲಿಲ್ಲ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ರೈತರು ಗೋಡು ಮಣ್ಣನ್ನು ಗಾಡಿಯಲ್ಲಿ, ಈಗ ಟ್ರ್ಯಾಕ್ಟರಿನಲ್ಲಿ, ಹೇರಿಕೊಂಡು ಹೋಗಿ ಹೊಲಕ್ಕೆ ಹರಡುತ್ತಾರೆ. ತಲೆಮಾರುಗಳಿಂದ ಗೋಡು ಬಿದ್ದ ಹೊಲದ ಮೇಲ್ಮಣ್ಣು ಆ ಹೊಲದ ಕೆಳಗಿನ ಶಿಲೆಯದಲ್ಲ. ಅಲ್ಲಿ ಲಿಥಿಯಂ ಏರಿದ್ದರೆ ಮೂಲ ಆ ಸರ್ವೇ ನಂಬರಿನಲ್ಲಿಲ್ಲ, ಕೆರೆಯ ಹಿಂದಿನ ಯಾವುದೋ ದಿಣ್ಣೆಯಲ್ಲಿದೆ.

ಹಾಗಾಗಿ ಮೇಲ್ಮಣ್ಣಿನ ಅಡಿಗೆ, ಕಬ್ಬಿಣ ಮತ್ತು ಜೇಡಿ ಸೇರಿ ಕೆಂಪಾಗಿರುವ ಎರಡನೆಯ ಪದರಕ್ಕೆ ಇಳಿದು ಮಾದರಿ ತೆಗೆಯುವುದು ಒಳ್ಳೆಯದು. ಗೋಡು ಎಲ್ಲಿ ಹೊಡೆದಿದ್ದಾರೆ, ಎಲ್ಲಿ ಇಲ್ಲ ಎಂಬುದನ್ನು ಊರಿನ ರೈತರೇ ಹೇಳಬಲ್ಲರು. ಅವರನ್ನು ಕೇಳದೆ ಮಾಡಿದ ಸಮೀಕ್ಷೆ ಅರ್ಧ ಕುರುಡು. ಊರುಗಳು ನಗರವಾದ ಕಡೆ ತೊಡಕು ಇನ್ನೂ ಹೆಚ್ಚು: ಬೆಂಗಳೂರಿನ ಕಾರ್ಖಾನೆ ಮತ್ತು ಒಳಚರಂಡಿಯ ನೀರು ಹೊತ್ತು ಹರಿಯುವ ವೃಷಭಾವತಿಯ ಹೂಳಿನಲ್ಲಿ ಸೀಸ, ಸತು, ಕ್ರೋಮಿಯಂ ಏರಿದ್ದರೆ ಅದು ಭೂಮಿ ಕೊಟ್ಟದ್ದಲ್ಲ, ನಾವು ಸುರಿದದ್ದು.

ನಾಲ್ಕು ಮೆಟ್ಟಿಲು

ಭಾರತದಲ್ಲಿ ಅನ್ವೇಷಣೆಯನ್ನು ಜಿ4ರಿಂದ ಜಿ1ರವರೆಗೆ ನಾಲ್ಕು ಹಂತವಾಗಿ ಗುರುತಿಸುತ್ತಾರೆ. ಸಂಖ್ಯೆ ಇಳಿದಷ್ಟೂ ಖಚಿತತೆ ಏರುತ್ತದೆ. ಹಳ್ಳದ ಹೂಳು, ಮಣ್ಣು, ಅಲ್ಲೊಂದು ಇಲ್ಲೊಂದು ಬಂಡೆಯ ತುಣುಕು, ಇವುಗಳ ಹಂತ ಜಿ4. ಕಂದಕ ತೋಡಿ ಬಂಡೆಯನ್ನು ಅಡ್ಡಲಾಗಿ ಕೊರೆದು ನೋಡುವುದು, ದೂರದೂರಕ್ಕೆ ಕೆಲವು ಕೊಳವೆ ಕೊರೆಯುವುದು ಜಿ3. ಹತ್ತಿರ ಹತ್ತಿರ ಕೊರೆದು ಅದಿರಿನ ಆಕಾರವನ್ನು ಹಿಡಿಯುವುದು ಜಿ2 ಮತ್ತು ಜಿ1. ಮರಳಗಾಲದ 1,600 ಟನ್ ಮತ್ತು ರಿಯಾಸಿಯ 59 ಲಕ್ಷ ಟನ್, ಎರಡೂ ಜಿ3 ಹಂತದವು. ಇಂಥ ಅಂಕಿಗಳನ್ನು ‘ಊಹಿತ ಸಂಪನ್ಮೂಲ’ ಎನ್ನುತ್ತಾರೆ. ಅದಿರನ್ನು ಲಾಭಕ್ಕೆ ತೆಗೆಯಬಹುದು ಎಂದು ತಾಂತ್ರಿಕವಾಗಿಯೂ ಆರ್ಥಿಕವಾಗಿಯೂ ಸಿದ್ಧವಾದ ಮೇಲೆ ಮಾತ್ರ ಅದು ‘ಮೀಸಲು’ ಎನಿಸಿಕೊಳ್ಳುತ್ತದೆ. ಮೊದಲ ಹಂತದ ಸಾವಿರ ಗುರುತುಗಳಲ್ಲಿ ಒಂದು ಗಣಿಯಾದರೆ ಹೆಚ್ಚು ಎಂಬುದು ಈ ವೃತ್ತಿಯವರ ರೂಢಿಯ ಮಾತು. ಉಳಿದವೆಲ್ಲ ಸೋಲು ಎಂದು ತಿಳಿಯಬೇಕಿಲ್ಲ. ಇಲ್ಲಿ ಇಲ್ಲ ಎಂದು ಖಚಿತವಾಗುವುದು ಕೊರೆಯುವ ಕೋಟ್ಯಂತರ ರೂಪಾಯಿಯನ್ನು ಉಳಿಸುತ್ತದೆ.

ಅವಸರದ ಪರ, ಎಚ್ಚರದ ಪರ

ಕೇಂದ್ರ ಸರ್ಕಾರದ ಅವಸರಕ್ಕೆ ಕಾರಣವಿದೆ. ಬ್ಯಾಟರಿಗೆ ಬೇಕಾದ ಲಿಥಿಯಂಗಾಗಿ ದೇಶ ಆಮದನ್ನೇ ನೆಚ್ಚಿಕೊಂಡಿದೆ. 2023ರ ಜೂನ್‌ನಲ್ಲಿ 30 ನಿರ್ಣಾಯಕ ಖನಿಜಗಳ ಪಟ್ಟಿ ಬಂತು. ಅದೇ ವರ್ಷದ ಆಗಸ್ಟ್‌ನಲ್ಲಿ ಜಾರಿಯಾದ ತಿದ್ದುಪಡಿ ಲಿಥಿಯಂ ಸೇರಿದಂತೆ ಆರು ಖನಿಜಗಳನ್ನು ಪರಮಾಣು ಖನಿಜಗಳ ಪಟ್ಟಿಯಿಂದ ತೆಗೆದು ಖಾಸಗಿಯವರಿಗೆ ಬಾಗಿಲು ತೆರೆಯಿತು, ಆಳದಲ್ಲಿರುವ 29 ಖನಿಜಗಳಿಗೆ ಅನ್ವೇಷಣಾ ಪರವಾನಗಿ ಎಂಬ ಹೊಸ ವ್ಯವಸ್ಥೆಯನ್ನೂ ತಂದಿತು. 2025ರ ಜನವರಿಯಲ್ಲಿ ಸಂಪುಟ ಒಪ್ಪಿದ ರಾಷ್ಟ್ರೀಯ ನಿರ್ಣಾಯಕ ಖನಿಜ ಅಭಿಯಾನಕ್ಕೆ 16,300 ಕೋಟಿ ರೂಪಾಯಿಯ ವೆಚ್ಚ ಗೊತ್ತುಮಾಡಲಾಗಿದೆ, 2030-31ರೊಳಗೆ 1,200 ಅನ್ವೇಷಣಾ ಯೋಜನೆಗಳ ಗುರಿಯೂ ಅದರಲ್ಲಿದೆ. ನಾಲ್ಕು ಚದರ ಕಿಲೋಮೀಟರಿಗೆ ಒಂದು ಪೊಟ್ಟಣ ಮಣ್ಣು ತೆಗೆದರೆ ಯಾವ ಕಾಡು ಹಾಳಾಗುತ್ತದೆ ಎಂಬುದು ಈ ಪಕ್ಷದವರ ವಾದ. ಆ ಮಾತಿನಲ್ಲಿ ಹುರುಳಿದೆ. 2023ರ ಅರಣ್ಯ ಕಾನೂನಿನ ತಿದ್ದುಪಡಿಯೂ ಇದೇ ತರ್ಕದ ಮೇಲೆ, ಕೇಂದ್ರ ವಿಧಿಸುವ ಷರತ್ತುಗಳಿಗೆ ಒಳಪಟ್ಟ ಸಮೀಕ್ಷೆಯನ್ನು ಅರಣ್ಯೇತರ ಬಳಕೆ ಎಂದು ಎಣಿಸದಿರಲು ಅವಕಾಶ ಕೊಟ್ಟಿತು.

ಪರಿಸರದ ಪಕ್ಷದವರು ಪೊಟ್ಟಣದ ಆಚೆಗೆ ನೋಡುತ್ತಾರೆ. ಜಲಗಾರರು ಮಣ್ಣು ತೊಳೆದ ಕಪ್ಪತಗುಡ್ಡವೇ ಇದಕ್ಕೆ ಸಾಕ್ಷಿ. ಅಲ್ಲಿ ಚಿನ್ನವಿದೆ ಎಂಬುದು ಹಳೆಯ ಮಾತು, ಅದಕ್ಕಾಗಿಯೇ ಗಣಿಯ ಪ್ರಸ್ತಾವಗಳು ಮರಳಿ ಮರಳಿ ಬಂದವು. ಔಷಧೀಯ ಸಸ್ಯಗಳ ಆ ಗುಡ್ಡವನ್ನು ಉಳಿಸಿಕೊಳ್ಳಲು ಗದಗಿನ ಜನ ವರ್ಷಗಟ್ಟಲೆ ಹೋರಾಡಿದ ಮೇಲೆ 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ನಕಾಶೆಯ ಮೇಲೆ ಒಮ್ಮೆ ಬಿದ್ದ ಗುರುತು ಅಳಿಸುವುದಿಲ್ಲ ಎಂಬ ಅವರ ಭಯಕ್ಕೆ 2025ರ ಸೆಪ್ಟೆಂಬರ್‌ನ ಬೆಳವಣಿಗೆ ಬಲ ಕೊಟ್ಟಿದೆ. ಪರಮಾಣು ಮತ್ತು ನಿರ್ಣಾಯಕ ಖನಿಜಗಳ ಗಣಿ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಆಲಿಸುವ ಅಗತ್ಯವಿಲ್ಲ ಎಂದು ಕೇಂದ್ರ ಪರಿಸರ ಸಚಿವಾಲಯ ಆಗ ಸುತ್ತೋಲೆ ಹೊರಡಿಸಿತು.

ನನ್ನ ತೀರ್ಮಾನದಲ್ಲಿ ಸಮೀಕ್ಷೆಗೆ ಅಡ್ಡಿ ಮಾಡಲು ಕಾರಣವಿಲ್ಲ. ನಮ್ಮ ಕಾಲ ಕೆಳಗೆ ಏನಿದೆ ಎಂದು ತಿಳಿಯುವುದು ನಾಡಿನ ಹಕ್ಕು ಮತ್ತು ಅಗತ್ಯ. ಅಡ್ಡಿ ಬೇಕಾದದ್ದು ಸಮೀಕ್ಷೆಯಿಂದ ಹರಾಜಿಗೆ ಹಾರುವ ಅವಸರಕ್ಕೆ. 2021ರ ನಿಯಮ ಬದಲಾವಣೆಯ ನಂತರ ಜಿ4 ಹಂತದ ಸುಳಿವಿನ ಮೇಲೆಯೇ ಸಂಯುಕ್ತ ಪರವಾನಗಿಯ, ಎಂದರೆ ಅನ್ವೇಷಣೆಗೂ ಮುಂದಿನ ಗಣಿಗಾರಿಕೆಗೂ ಸೇರಿಸಿ ಕೊಡುವ ಪರವಾನಗಿಯ, ಹರಾಜು ನಡೆಸಬಹುದು. ಕೊರೆದು ನೋಡುವ ವೆಚ್ಚ ಮತ್ತು ಅಪಾಯವನ್ನು ಖಾಸಗಿಯವರು ಹೊರಲಿ ಎಂಬುದು ಇದರ ಉದ್ದೇಶ. ಆದರೆ ರಿಯಾಸಿಯಲ್ಲಿ ಕಂಡದ್ದು ಬೇರೆ: ಮಾಹಿತಿ ಸಾಲದಿದ್ದರೆ ಗಂಭೀರ ಹೂಡಿಕೆದಾರರು ಬರುವುದಿಲ್ಲ. ಅದಕ್ಕೂ ಕೆಳಗಿನ ಹಂತದಲ್ಲಿ ಬ್ಲಾಕ್ ಗುರುತಿಸಿಬಿಟ್ಟರೆ ಹರಾಜೂ ಆಗದೆ, ಗುರುತೂ ಅಳಿಯದೆ, ಅಲ್ಲಿನ ರೈತ ಜಮೀನು ಮಾರಲೂ ಆಗದೆ, ಬೋರ್‌ವೆಲ್ಲಿಗೆ ಸಾಲ ಮಾಡಲೂ ಧೈರ್ಯ ಸಾಲದೆ ಕಾಯುವಂತಾಗುತ್ತದೆ.

ಮಂಡ್ಯಕ್ಕೆ ಏನಾಗಬಹುದು

1,600 ಟನ್ ಎಂದರೆ 16 ಲಕ್ಷ ಕಿಲೋ. ಒಂದು ವಿದ್ಯುತ್ ಕಾರಿನ ಬ್ಯಾಟರಿಗೆ ಸುಮಾರು 8 ಕಿಲೋ ಲಿಥಿಯಂ ಬೇಕು ಎಂದು ಹಿಡಿದರೆ, ಎಲ್ಲವನ್ನೂ ತೆಗೆದರೂ ಅದು ಎರಡು ಲಕ್ಷ ಕಾರಿಗಷ್ಟೇ ಸಾಕು. ಸ್ಪಾಡ್ಯುಮಿನ್‌ನಿಂದ ಲಿಥಿಯಂ ಬಿಡಿಸಲು ಅದಿರನ್ನು ಪುಡಿಮಾಡಿ, ಸಾರೀಕರಿಸಿ, 1,000 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಶಾಖದಲ್ಲಿ ಹುರಿದು, ಗಂಧಕಾಮ್ಲದಲ್ಲಿ ಬೇಯಿಸಬೇಕು. ಅಷ್ಟು ದೊಡ್ಡ ಸ್ಥಾವರವನ್ನು ಇಷ್ಟು ಚಿಕ್ಕ ಸಂಪನ್ಮೂಲ ಒಂದೇ ಹೊರುವುದು ಕಷ್ಟ. ಮುಂದಿನ ಕೊರೆತದಲ್ಲಿ ಪೆಗ್ಮಟೈಟ್ ಆಳಕ್ಕೆ ಮುಂದುವರಿದರೆ ಅಂಕಿ ಏರಬಹುದು, ಎಳೆ ನೆಲದಡಿಯಲ್ಲಿ ತುಂಡಾದರೆ ಇಳಿಯಲೂಬಹುದು. ಯಾದಗಿರಿಯಂಥ ಬೇರೆ ಜಿಲ್ಲೆಗಳಲ್ಲಿ ಗುರುತಿಸಿರುವ ಲಿಥಿಯಂ ಜೊತೆ ಸೇರಿಸಿ ಒಂದೇ ಸಂಸ್ಕರಣಾ ಕೇಂದ್ರ ಮಾಡುವ ದಾರಿಯೂ ಇದೆ. ಆದರೆ ಶೇ 1ರ ಅದಿರನ್ನು ನೂರಾರು ಕಿಲೋಮೀಟರ್ ಸಾಗಿಸುವುದೆಂದರೆ ಶೇ 99 ಕಲ್ಲನ್ನು ಸಾಗಿಸಿದಂತೆ. ಕಾವೇರಿಯ ನೀರಾವರಿ ಸೀಮೆಯಲ್ಲಿ ಇಂಥ ಕೆಲಸಕ್ಕೆ ಬೇಕಾದ ನೀರು ಮತ್ತು ಉಳಿಯುವ ತ್ಯಾಜ್ಯ, ಇವೆರಡರ ಲೆಕ್ಕ ಇನ್ನೂ ಚರ್ಚೆಗೇ ಬಂದಿಲ್ಲ.

ಆರ್ಸೆನಿಕ್‌ನ ಎರಡು ಮುಖ

ಗಣಿ ಬಂದರೂ ಬರದಿದ್ದರೂ ಸಮೀಕ್ಷೆಯ ಅಂಕಿಗಳಿಗೆ ಇನ್ನೊಂದು ಬಳಕೆಯಿದೆ. ಸಮೀಕ್ಷೆಯ ಸುದ್ದಿಗಳಲ್ಲಿ ಅದರ ಪ್ರಸ್ತಾಪವೇ ಅಪರೂಪ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನ ಆರ್ಸೆನಿಕ್‌ನಿಂದ ಜನರ ಚರ್ಮದ ಮೇಲೆ ಗಾಯಗಳಾಗಿ, ಕೆಲವರಿಗೆ ಕ್ಯಾನ್ಸರ್ ಕೂಡ ಆದದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಆ ತಾಂಡಾ ಇರುವುದು ಮಂಗಳೂರು ಎಂಬ ಹಳ್ಳಿಯ ಹಳೆಯ ಚಿನ್ನದ ಗಣಿಯ ಶಿಲಾಪಟ್ಟಿಯ ಮೇಲೆ. ಚಿನ್ನ ಹುಡುಕುವವರಿಗೆ ದಾರಿ ತೋರಿಸುವ ಆರ್ಸೆನಿಕ್ ಅದೇ ಪಟ್ಟಿಯ ಬಾವಿಯಲ್ಲಿ ವಿಷ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ. ಹಳ್ಳದ ಹೂಳಿನಲ್ಲಿ ಆರ್ಸೆನಿಕ್ ಏರಿದ ಚೌಕಗಳ ನಕಾಶೆಯನ್ನೂ, ಊರೂರಿನ ಕೊಳವೆಬಾವಿಗಳ ನಕಾಶೆಯನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ಯಾವ ಊರಿನ ನೀರನ್ನು ಮೊದಲು ಪರೀಕ್ಷಿಸಬೇಕು ಎಂಬುದು ಗೊತ್ತಾಗುತ್ತದೆ. ಇದಕ್ಕೆ ಹೊಸ ಸಮೀಕ್ಷೆ ಬೇಡ, ಖನಿಜಕ್ಕಾಗಿ ಆಗಲೇ ತೆಗೆದ ಪೊಟ್ಟಣಗಳು ಸಾಕು.

ಈ ಮಾಹಿತಿಯ ಬಹುಪಾಲು ಭೂವೈಜ್ಞಾನಿಕ ಸರ್ವೇಕ್ಷಣದ ಭೂಕೋಶ್ ಜಾಲತಾಣದಲ್ಲಿಯೂ, 2023ರ ಡಿಸೆಂಬರ್‌ನಲ್ಲಿ ಆರಂಭವಾದ ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರದಲ್ಲಿಯೂ ಮುಕ್ತವಾಗಿದೆ. ಗಣಿ ಕಂಪನಿಯ ತಜ್ಞರು ಬೆಂಗಳೂರಿನಲ್ಲಿ ಕುಳಿತು ಅದನ್ನು ಇಳಿಸಿಕೊಂಡು ಓದಬಲ್ಲರು. ಅಲ್ಲಾಪಟ್ಟಣದ ರೈತನಿಗಾಗಲಿ, ಕಿರದಳ್ಳಿಯ ಆಶಾ ಕಾರ್ಯಕರ್ತೆಗಾಗಲಿ ಅದು ದಕ್ಕುವುದಿಲ್ಲ, ಏಕೆಂದರೆ ವರದಿಗಳು ಇರುವುದು ಇಂಗ್ಲಿಷಿನಲ್ಲಿ, ಧಾತುಗಳ ಸಂಕೇತಾಕ್ಷರಗಳಲ್ಲಿ, ಪಿಪಿಎಂ ಲೆಕ್ಕದಲ್ಲಿ. ಅಹವಾಲು ಹೇಳುವ ಸಭೆಯೂ ಇಲ್ಲದಿರುವ ಇಂದಿನ ಸ್ಥಿತಿಯಲ್ಲಿ, ಬ್ಲಾಕ್ ಹರಾಜಿಗೆ ಹೋಗುವ ಮೊದಲು ಗ್ರಾಮ ಪಂಚಾಯಿತಿಯ ಕೈಗೆ ಬರಬಹುದಾದ ಸಾಕ್ಷ್ಯವೆಂದರೆ ಈ ಸಮೀಕ್ಷೆಯ ವರದಿ ಒಂದೇ. ಯಾವ ಸರ್ವೇ ನಂಬರಿನಿಂದ ಎಷ್ಟು ಮಾದರಿ ತೆಗೆದರು, ಯಾವ ಹಂತದ ಅನ್ವೇಷಣೆ ಮುಗಿದಿದೆ, ಅಂಕಿ ಅದಿರಿನದೋ ಲೋಹದ್ದೋ, ನೀರಿಗೆ ಸಂಬಂಧಿಸಿದ ವಿಷಧಾತುಗಳ ಪ್ರಮಾಣ ಎಷ್ಟು ಎಂಬ ವಿವರಗಳನ್ನು ಕನ್ನಡದಲ್ಲಿ ಎರಡು ಪುಟಕ್ಕೆ ಇಳಿಸಿ ಪಂಚಾಯಿತಿಯ ಸೂಚನಾ ಫಲಕಕ್ಕೆ ಹಚ್ಚುವುದು ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಅಸಾಧ್ಯದ ಕೆಲಸವಲ್ಲ. ಹರಾಜಿನ ಪ್ರಕಟಣೆಗೆ ಮುನ್ನ ಅದು ಕಡ್ಡಾಯವಾಗಬೇಕು, ಮೊದಲು ಮರಳಗಾಲದಲ್ಲಿಯೇ ಆಗಬೇಕು.